ಕಷ್ಟದ ಪುಸ್ತಕ ಜೊತೆಗೆ ಓದೋಕೆ ಒಬ್ಬರು ಬೇಕು (ಕೊಡಗಿನವರಾದರೆ ಒಳ್ಳೆಯದು)

ಹೂಮಳೆ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ಕಥೆ-ಕಾದಂಬರಿ ಅಲ್ಲದ, ಓದುವಾಗ ತಲೆ ಬಿಸಿಯಾಗುವ ಥರದ ಪುಸ್ತಕಗಳನ್ನು ಜೊತೆಯಲ್ಲಿ ಓದಿ ಮಾತಾಡೋಕೆ ಒಬ್ಬರು ಬೇಕಾಗಿದ್ದಾರೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವಿಜ್ಞಾನದ ಇತಿಹಾಸ, ಯಾವುದಾದರೂ ಆಗಬಹುದು. ಗುಂಪು ಬೇಡ. ಒಬ್ಬರು ಸಾಕು.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಓದುಗರ ಕೂಟಕ್ಕೆ ಹೋಗ್ತಿದ್ದೆ. ಜನ ತುಂಬಾ ಬರ್ತಿದ್ದರು, ಪುಸ್ತಕ ಮುಗಿಸಿ ಬಂದವರು ಬೆರಳೆಣಿಕೆ. ಉಳಿದವರದ್ದು ಮುನ್ನುಡಿ, ಆಮೇಲೆ ಯೂಟ್ಯೂಬ್. ಈಗ ಕಾಫಿ ತೋಟ ನೋಡಿಕೊಳ್ಳೋಕೆ ಊರಿಗೆ ಬಂದಿದ್ದೀನಿ. ಇಲ್ಲಿ ಓದೋರು ಇಲ್ಲ ಅಂತ ಹೇಳಲ್ಲ, ಇದ್ದಾರೆ. ಆದರೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗೋದು ಸಾವಿನ ಮನೆಯಲ್ಲೋ ಮದುವೆ ಮನೆಯಲ್ಲೋ ಮಾತಿಗೆ ಸಿಕ್ಕಾಗ ಮಾತ್ರ.

ಮೇಜಿನ ಮೇಲೆ ಈಗ ಇರೋದು ಥಾಮಸ್ ಪಿಕೆಟ್ಟಿ ಅವರ ಬಂಡವಾಳದ ಪುಸ್ತಕ. ಫ್ರೆಂಚ್‌ನಲ್ಲಿ 2013ರಲ್ಲಿ ಬಂತು, ಇಂಗ್ಲಿಷ್‌ನಲ್ಲಿ 2014ರಲ್ಲಿ. ಹತ್ತಿರ ಹತ್ತಿರ 700 ಪುಟ. ಸಂಪತ್ತಿನಿಂದ ಬರುವ ಪ್ರತಿಫಲದ ದರ ಒಟ್ಟು ಆರ್ಥಿಕತೆ ಬೆಳೆಯುವ ದರಕ್ಕಿಂತ ಹೆಚ್ಚಿದ್ದರೆ, ಹಿಂದಿನಿಂದ ಆಸ್ತಿ ಇದ್ದವರ ಪಾಲು ಬೆಳೀತಾ ಹೋಗುತ್ತೆ ಅನ್ನೋದು ಅದರ ಮುಖ್ಯ ವಾದ. ಓದುವಾಗ ಎಲ್ಲಾ ಸರಿ ಅನ್ನಿಸುತ್ತೆ. ಪುಸ್ತಕ ಮುಚ್ಚಿ, ನಮ್ಮ ತೋಟಕ್ಕೆ ಇದನ್ನು ಹೊಂದಿಸೋಣ ಅಂತ ಹೊರಟರೆ ಅಲ್ಲೇ ನಿಂತುಬಿಡ್ತೀನಿ. ಜಾಗದ ಬೆಲೆ ಏರ್ತಾನೇ ಇದೆ, ಆದರೆ ತೋಟದ ಆದಾಯ ಮಳೆ ಮತ್ತು ರೇಟು ಹೇಳಿದ ಹಾಗೆ. ಹಾಗಾದರೆ ಪಿಕೆಟ್ಟಿ ಲೆಕ್ಕದಲ್ಲಿ ನಾವು ಯಾರು? ಎದುರಿಗೆ ಕೂತು “ಅದು ಹೇಗೆ, ಇನ್ನೊಂದು ಸಲ ಹೇಳಿ” ಅನ್ನೋರು ಬೇಕು.

ಮಳೆಗಾಲದಲ್ಲಿ ಬಿಡುವಿದೆ. ಕೊಯ್ಲು ಶುರುವಾದ ಮೇಲೆ ನನ್ನನ್ನು ಮರೆತುಬಿಡಿ. ಕಾಫಿ ಹೂ ಅರಳಲಿ ಅಂತ ನೀರು ಹಾಯಿಸೋ ಹೊತ್ತಿನಲ್ಲಿ, ಅಂದರೆ ಫೆಬ್ರವರಿ-ಮಾರ್ಚ್‌ನಲ್ಲಿ, ಸ್ಪ್ರಿಂಕ್ಲರ್ ಹಿಂದೆ ಓಡ್ತಾ ಇರ್ತೀನಿ.

ಶನಿವಾರಸಂತೆ ಹುಡುಗ

ವಾಟ್ಸಾಪ್ ಗ್ರೂಪ್ ಮಾಡಿ ಅಕ್ಕ, ನಾನು ಸೇರ್ತೀನಿ. ಬೇಕಾದರೆ ಅಡ್ಮಿನ್ ಆಗ್ತೀನಿ.

ಹೂಮಳೆ

ಗ್ರೂಪ್ ಬೇಡ ಅಂತ ಬರೆದಿದ್ದೀನಲ್ಲ ತಮ್ಮಾ. ಒಂದು ವಾರದಲ್ಲಿ ಗುಡ್ ಮಾರ್ನಿಂಗ್ ಹೂವು, ಎರಡನೇ ವಾರ ಸೈಟ್ ಮಾರಾಟಕ್ಕಿದೆ.

ಒಂಟಿಓದು (ಮಡಿಕೇರಿ)

ಬೇಜಾರು ಮಾಡ್ಕೋಬೇಡಿ ಮೇಡಂ, ನನಗೆ ಇದರಲ್ಲಿ ನಂಬಿಕೆ ಇಲ್ಲ. ಓದೋದು ಒಬ್ಬರೇ ಕೂತು ಮಾಡೋ ಕೆಲಸ. ಜೊತೆಗಾರ ಸಿಕ್ಕಿದ ಮೇಲೆ ಪುಸ್ತಕ ಹಿಂದೆ ಸರಿದು, ಅವರ ಮುಂದೆ ಬುದ್ಧಿವಂತ ಅನ್ನಿಸಿಕೊಳ್ಳೋದೇ ಮುಂದೆ ಬರುತ್ತೆ.

ಡೇನಿಯಲ್ ಕಾನಮನ್ ಅವರ 2011ರ ಪುಸ್ತಕ ನೋಡಿ, ವೇಗದ ಯೋಚನೆ-ನಿಧಾನದ ಯೋಚನೆ ಬಗ್ಗೆ ಇರೋದು. ನನ್ನ ಗೆಳೆಯರಲ್ಲಿ ಎಷ್ಟೋ ಜನ ಜೋಡಿ ಜೋಡಿಯಾಗಿ ಓದಿ ಕೊಂಡಾಡಿದರು. ಅದರ ನಾಲ್ಕನೇ ಅಧ್ಯಾಯದಲ್ಲಿ ‘ಪ್ರೈಮಿಂಗ್’ ಪ್ರಯೋಗಗಳಿವೆ, ಅಂದರೆ ನಮಗೇ ಗೊತ್ತಾಗದ ಹಾಗೆ ಒಂದು ಸುಳಿವು ನಮ್ಮ ನಡೆಯನ್ನು ಬದಲಾಯಿಸುತ್ತೆ ಅನ್ನೋವು. ಮುಪ್ಪನ್ನು ನೆನಪಿಸುವ ಪದಗಳನ್ನು ಜೋಡಿಸಿದ ವಿದ್ಯಾರ್ಥಿಗಳು ಆಮೇಲೆ ನಿಧಾನವಾಗಿ ನಡೆದರಂತೆ. ಮುಂದೆ ಬೇರೆಯವರು ಇಂಥ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಹಲವುಗಳ ಫಲಿತಾಂಶ ನಿಲ್ಲಲಿಲ್ಲ. ಸಣ್ಣ ಸ್ಯಾಂಪಲ್‌ನ ಅಧ್ಯಯನಗಳನ್ನು ಅತಿಯಾಗಿ ನಂಬಿದೆ ಅಂತ 2017ರಲ್ಲಿ ಕಾನಮನ್ ಅವರೇ ಬರೆದರು. ಮಜಾ ಏನಂದ್ರೆ, ಸಣ್ಣ ಸ್ಯಾಂಪಲ್ ನಂಬೋದು ಎಂಥ ಅಪಾಯ ಅಂತ 1971ರಲ್ಲೇ ಏಮೋಸ್ ಟ್ವರ್ಸ್ಕಿ ಜೊತೆ ಸೇರಿ ಪ್ರಬಂಧ ಬರೆದವರು ಇದೇ ಕಾನಮನ್! ಜೋಡಿಯಾಗಿ ಓದಿದ ನಮ್ಮವರಲ್ಲಿ ಒಬ್ಬರಾದರೂ “ಎಷ್ಟು ಜನರ ಮೇಲೆ ಮಾಡಿದ ಪ್ರಯೋಗ ಇದು?” ಅಂತ ಕೇಳಿದರಾ? ಇಲ್ಲ. ತಲೆದೂಗೋಕೆ ಒಂದು ತಲೆ ಸಾಲದೆ ಎರಡು ತಲೆ.

ಹೂಮಳೆ

ನೀವು ಹೇಳಿದ್ದು ನನಗೇ ಅನುಕೂಲ ಆಯ್ತು ನೋಡಿ. ಆ ಜೋಡಿಗಳಲ್ಲಿ ಇಬ್ಬರೂ ಒಂದೇ ಕಾಲೇಜು, ಒಂದೇ ಕೆಲಸ, ಒಂದೇ ಪಾಡ್‌ಕಾಸ್ಟ್ ಕೇಳೋರು ತಾನೇ? ಬೆಂಗಳೂರಿನ ಕೂಟದಲ್ಲೂ ಅದೇ ಕಥೆ. ನನಗೆ ನನ್ನ ರುಚಿಯವರು ಬೇಕಾಗಿಲ್ಲ. ಪುಸ್ತಕ ಹೇಳೋ ವಿಷಯ ನಿಜವಾದರೆ ನನಗೊಂದು ಥರ, ಅವರಿಗೆ ಇನ್ನೊಂದು ಥರ ಬಿಸಿ ತಟ್ಟಬೇಕು. ಅಂಥವರು ಸುಮ್ಮನೆ ತಲೆದೂಗಲ್ಲ.

ನಿವೃತ್ತ ಮೇಷ್ಟ್ರು (ಸೋಮವಾರಪೇಟೆ)

ತಂಗೀ, ಚರ್ಚೆ ಅಂದ ತಕ್ಷಣ ನಮ್ಮವರಿಗೆ ತಾಳಮದ್ದಳೆ ನೆನಪಾಗುತ್ತೆ. ಎದುರಾಳಿ ಅರ್ಥಧಾರಿಯ ಬಾಯಿ ಕಟ್ಟಿಸಿದರೆ ಗೆದ್ದ ಹಾಗೆ. ರಾತ್ರಿಯಿಡೀ ಕೂತು ಕೇಳೋಕೆ ಅದು ಸೊಗಸು. ಪುಸ್ತಕಕ್ಕೆ ಅದು ಆಗಿಬರೋದಿಲ್ಲ. ಶಾಸ್ತ್ರಗ್ರಂಥಗಳ ರೀತಿ ಬೇರೆ. ಮೊದಲು ಪೂರ್ವಪಕ್ಷ, ಅಂದರೆ ನಾನು ಒಪ್ಪದವನ ವಾದವನ್ನು ಅವನೇ ಬಂದು ಕೇಳಿದರೂ “ಹೌದು, ನಾನು ಹೇಳಿದ್ದು ಇದೇ” ಅನ್ನುವಷ್ಟು ಚೆನ್ನಾಗಿ ಹೇಳಬೇಕು. ಆಮೇಲೆ ಖಂಡನೆ. ನಾನು ಪ್ರೌಢಶಾಲೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಜೊತೆ ಅಂಬೇಡ್ಕರ್ ಅವರ 1936ರ ಜಾತಿ ವಿನಾಶದ ಭಾಷಣವನ್ನು ಹೀಗೇ ಓದಿದ್ದೆವು. ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ. ಕರೆದವರೇ ಹೆದರಿ ಸಭೆ ರದ್ದು ಮಾಡಿದ ಮೇಲೆ ಅಂಬೇಡ್ಕರ್ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಕೊಟ್ಟರು, ಅಂಬೇಡ್ಕರ್ ಮರುಮುದ್ರಣದಲ್ಲಿ ಆ ಉತ್ತರವನ್ನೂ ಸೇರಿಸಿ ತಮ್ಮ ಮಾರುತ್ತರ ಕೊಟ್ಟರು. ನನ್ನ ಸಹೋದ್ಯೋಗಿ ಗಾಂಧಿ ಪಕ್ಷ. ಗಾಂಧಿಯ ಮಾತನ್ನು ನಾನು ಹೇಳಬೇಕು, ಅಂಬೇಡ್ಕರ್ ಮಾತನ್ನು ಅವರು ಹೇಳಬೇಕು, ಇದು ನಮ್ಮ ಕರಾರು. ಬಹಳ ಕಷ್ಟದ ಕರಾರು. ಸ್ಟಾಫ್ ರೂಮಿನಲ್ಲಿ ಉಳಿದವರಿಗೆ ಯಾರು ಯಾವ ಕಡೆ ಅಂತಲೇ ತಿಳೀತಿರಲಿಲ್ಲ.

ಇನ್ನೊಂದು ವಿಷಯ ಒಂಟಿಓದು ಅವರಿಗೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ನಮ್ಮ ಕೊಡಗಿನ ಮೇಲೆ ಬರೆದಿದ್ದು ನಿಮಗೆ ಗೊತ್ತಿರುತ್ತೆ. ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಕೈಕೆಳಗೆ ಅವರು ಕೊಡವರ ಬಗ್ಗೆ ದೊಡ್ಡ ಪ್ರಬಂಧ ಬರೆದು ಮುಗಿಸಿದ್ದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರೆ, ಅಲ್ಲಿ ಮಾನವಶಾಸ್ತ್ರದ ಪ್ರೊಫೆಸರ್ ರ‍್ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯನ್ನು ಮತ್ತೆ ತೆಗೆಸಿದರು: ಈ ಆಚರಣೆಗಳಿಗೂ ಒಕ್ಕ (ಒಂದೇ ಮೂಲದ ಮನೆತನ), ಊರು, ನಾಡು ಅನ್ನುವ ಕಟ್ಟಿಗೂ ಏನು ಸಂಬಂಧ ಅಂತ ನೋಡು ಅಂತ. 1952ರಲ್ಲಿ ಪುಸ್ತಕ ಬಂತು. ‘ಸಂಸ್ಕೃತೀಕರಣ’, ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರಗಳನ್ನು ಅನುಸರಿಸೋದು, ಅನ್ನೋ ಮಾತು ಜಗತ್ತಿಗೆಲ್ಲ ಗೊತ್ತಾಗಿದ್ದು ಅದರಿಂದ. ಸಾಮಗ್ರಿ ಹಳೇದೇ, ಕೇಳುವವರು ಬದಲಾದರು. ಒಬ್ಬರೇ ಕೂತಿದ್ದರೆ ಮೊದಲಿನ ಪ್ರಬಂಧಕ್ಕೇ ನಿಲ್ಲುತ್ತಿತ್ತು.

ಒಂಟಿಓದು

ಮೇಷ್ಟ್ರೇ, ರ‍್ಯಾಡ್‌ಕ್ಲಿಫ್-ಬ್ರೌನ್ ಥರದವರು ನಾಪೋಕ್ಲು ಬಸ್ಸಿನಲ್ಲಿ ಸಿಕ್ಕಿದರೆ ನಾನೂ ಜೊತೆಗೆ ಓದ್ತೀನಿ.

ಆ ಅಂಬೇಡ್ಕರ್-ಗಾಂಧಿ ಕರಾರು ಮಾತ್ರ ಚೆನ್ನಾಗಿದೆ. ಒಪ್ಪಿದೆ.

ರಾತ್ರಿಪಾಳಿ (ಕುಶಾಲನಗರ)

ನಾನು ನರ್ಸ್. ರಾತ್ರಿ ಪಾಳಿಯಲ್ಲಿ ವಾರ್ಡು ತಣ್ಣಗಿದ್ದರೆ ಓದ್ತೀನಿ. ನನ್ನ ತಂಗಿ ಮಂಗಳೂರಿನಲ್ಲಿದ್ದಾಳೆ, ಇಬ್ಬರೂ ಫೋನಿನಲ್ಲೇ ಪುಸ್ತಕ ಓದೋದು. ನಮ್ಮ ಕ್ರಮ ಹೇಳ್ತೀನಿ, ಬೇಕಾದರೆ ತಗೊಳ್ಳಿ. ಒಂದು ಸಲಕ್ಕೆ ಅಧ್ಯಾಯ ಪೂರ್ತಿ ಬೇಡ, ಒಂದು ಉಪಶೀರ್ಷಿಕೆ ಸಾಕು. ಓದಿ ಪುಸ್ತಕ ಮುಚ್ಚಬೇಕು. ಮುಚ್ಚಿದ ಮೇಲೆ ನೆನಪಿದ್ದಷ್ಟನ್ನು ವಾಯ್ಸ್ ಮೆಸೇಜ್‌ನಲ್ಲಿ ಹೇಳಬೇಕು. ಪುಸ್ತಕ ನೋಡಿಕೊಂಡು ಹೇಳಿದರೆ ಗೊತ್ತಾಗಿಬಿಡುತ್ತೆ, ದನಿ ಸರಾಗವಾಗಿರುತ್ತೆ. ತಡವರಿಸಿ ಹೇಳಿದ್ದೇ ತಲೆಯಲ್ಲಿ ಉಳಿಯೋದು.

ಇದು ನಮ್ಮ ಸ್ವಂತ ಕಂಡುಹಿಡಿದಿದ್ದಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು. ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟರೆ ಮುಂದಿರ್ತಾರೆ. ವಾರ ಬಿಟ್ಟು ಕೊಟ್ಟರೆ, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡಿದ್ದವರೇ ಮುಂದೆ. (ಒಂಟಿಓದು ಸರ್ ಕೇಳೋ ಮುಂಚೆ ಹೇಳಿಬಿಡ್ತೀನಿ, ಇದನ್ನು ಆಮೇಲೆ ಬೇರೆ ಬೇರೆ ಕಡೆ ತುಂಬಾ ಸಲ ಮಾಡಿ ನೋಡಿದ್ದಾರೆ, ನಿಂತಿದೆ.)

ಬೆಟ್ಟದಹಾದಿ

ಹೂಮಳೆಯವರೇ, ನಾನು ಮಡಿಕೇರಿಯಲ್ಲಿದ್ದೀನಿ. ಸಂಜೆ ಎಲ್ಲಾದರೂ ಕಾಫಿಗೆ ಸಿಗೋಣ, ಪುಸ್ತಕದ ಬಗ್ಗೆ ಮಾತಾಡಬಹುದು. ಪಿಕೆಟ್ಟಿ ಓದಿಲ್ಲ, ಆದರೆ ಕಲಿಯುವ ಆಸಕ್ತಿ ಇದೆ. ಫೋನ್ ನಂಬರ್ ಕಳಿಸಿ.

ಹೂಮಳೆ

ಬೇಡ, ಧನ್ಯವಾದ. ನಂಬರನ್ನೂ ಇಲ್ಲಿ ಯಾರೂ ಹಾಕಬೇಡಿ ದಯವಿಟ್ಟು.

ಬಿಚ್ಚಿ ಹೇಳೋದೇ ಒಳ್ಳೆಯದು. ಇದು ಚಿಕ್ಕ ಊರು. ಮಡಿಕೇರಿಯಲ್ಲಿ ಯಾರ ಜೊತೆ ಕೂತು ಕಾಫಿ ಕುಡಿದೆ ಅನ್ನೋದು ನಾನು ಮನೆ ಮುಟ್ಟೋ ಮುಂಚೆ ಅತ್ತೆಗೆ ಮುಟ್ಟಿರುತ್ತೆ. ಗಂಡಸರು ‘ಓದೋ ಜೊತೆ ಬೇಕು’ ಅಂದರೆ ಪಾಪ ಓದ್ತಾನೆ ಅಂತಾರೆ. ಹೆಂಗಸು ಅಂದರೆ ಅರ್ಥ ಬೇರೆ. ಸಿಗೋದಾದರೆ ಲೈಬ್ರರಿಯಲ್ಲಿ, ಇಲ್ಲಾಂದ್ರೆ ನಮ್ಮ ಮನೆ ಜಗಲಿಯಲ್ಲಿ. ಮೊದಲ ಅಧ್ಯಾಯ ಓದಿ ಒಂದು ಪುಟ ಬರೆದು ಕಳಿಸಿದವರ ಜೊತೆ ಮಾತ್ರ.

ಕಣದಮನೆ (ಅಮ್ಮತ್ತಿ)

ನಾನು ಪ್ಲಾಂಟರ್. ವಯಸ್ಸು ಅರವತ್ತು ದಾಟಿದೆ. ಪುಸ್ತಕ ಓದೋ ಅಭ್ಯಾಸ ಇಲ್ಲ, ಪೇಪರ್ ಓದ್ತೀನಿ. ಆದರೆ ನನಗೂ ಒಬ್ಬರು ಬೇಕು, ಒಂದೇ ಒಂದು ಓದಿಗೆ. ಪಶ್ಚಿಮಘಟ್ಟದ ವರದಿ, ಘಟ್ಟದ ಪರಿಸರ ಉಳಿಸೋದು ಹೇಗೆ ಅಂತ ಸರ್ಕಾರದ ಸಮಿತಿ ಕೊಟ್ಟಿದ್ದು.

ನಮ್ಮ ಜಿಲ್ಲೆಯಲ್ಲಿ ಅದರ ಬಗ್ಗೆ ಭಾಷಣ ಮಾಡದವರಿಲ್ಲ. ಓದಿದವರು ಯಾರು ಅಂತ ಕೇಳಿದರೆ ಎಲ್ಲರೂ ಚಹಾ ಕುಡಿಯೋಕೆ ಎದ್ದು ಹೋಗ್ತಾರೆ. ನಾನು ವಿರೋಧದ ಮೆರವಣಿಗೆಗೆ ಹೋದವನು, ನಾಳೆ ಕರೆದರೂ ಹೋಗ್ತೀನಿ. ಆದರೆ ಎದುರಿನವರು “ಯಾವ ಪುಟದಲ್ಲಿದೆ?” ಅಂದರೆ ಹೇಳೋಕೆ ಬರಬೇಕು. ಇಂಗ್ಲಿಷ್ ಓದ್ತೀನಿ, ಆದರೆ ಆಫೀಸು ಇಂಗ್ಲಿಷ್ ಬಹಳ ನಿಧಾನ. ಅದು ಪುಸ್ತಕದ ಲೆಕ್ಕಕ್ಕೆ ಬರುತ್ತಾ?

ಗಾಳಿಬೀಡು (ಈಗ ಪೊನ್ನಂಪೇಟೆಯಲ್ಲಿ, ಅರಣ್ಯಶಾಸ್ತ್ರ ವಿದ್ಯಾರ್ಥಿ)

ಬರುತ್ತೆ ಅಂಕಲ್. ಪಿಕೆಟ್ಟಿಗಿಂತ ಕಷ್ಟದ ಓದು ಅದು.

ಒಂದು ವಿಷಯ ಮೊದಲೇ ಹೇಳಿಬಿಡಲಾ? ವರದಿ ಒಂದಲ್ಲ, ಎರಡು. ಮಾಧವ ಗಾಡ್ಗೀಳ್ ಸಮಿತಿಯದ್ದು 2011ರದ್ದು. ಕಸ್ತೂರಿರಂಗನ್ ಸಮಿತಿಯದ್ದು 2013ರದ್ದು. ಊರಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಬೈತಾರೆ. ಗಾಡ್ಗೀಳ್ ಸಮಿತಿ ಇಡೀ ಪಶ್ಚಿಮಘಟ್ಟವನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಅಂತ ಹೇಳಿ ಮೂರು ವಲಯ ಮಾಡಿತು, ನಿರ್ಬಂಧ ಒಂದೊಂದರಲ್ಲಿ ಒಂದೊಂದು ಥರ. ಕಸ್ತೂರಿರಂಗನ್ ಸಮಿತಿ ಜನವಸತಿ, ಕೃಷಿ, ತೋಟ ಇರೋ ನೆಲವನ್ನು ಬೇರೆ, ನೈಸರ್ಗಿಕ ನೆಲವನ್ನು ಬೇರೆ ಅಂತ ವಿಂಗಡಿಸಿ, ಸುಮಾರು 37 ಶೇಕಡಾವನ್ನು ಮಾತ್ರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿತು. ಆ 37 ಅನ್ನೋದು ಯಾವುದರ 37 ಅಂತ ಯಾರೂ ಕೇಳಲ್ಲ. ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟ ಅಂದಿದ್ದು 1,29,037 ಚದರ ಕಿ.ಮೀ. ಕಸ್ತೂರಿರಂಗನ್ ಸಮಿತಿಯ ಪಶ್ಚಿಮಘಟ್ಟ 1,64,280 ಚದರ ಕಿ.ಮೀ. ಬುಡವೇ ಬೇರೆ.

ನನಗೆ ಓದೋಕೆ ಇಷ್ಟ ಇದೆ. ಆದರೆ ಅಂಕಲ್, ನಿಮ್ಮ ತೀರ್ಮಾನ ಮೊದಲೇ ಆಗಿದೆ. ವಿರೋಧಿಸೋಕೆ ಪುಟ ಸಂಖ್ಯೆ ಹುಡುಕೋದು ಓದು ಹೇಗಾಗುತ್ತೆ? ಸ್ವಂತ ಲಾಭ-ನಷ್ಟ ಇರೋರ ಜೊತೆ ತೆರೆದ ಮನಸ್ಸಿನ ಚರ್ಚೆ ಆಗುತ್ತಾ ಅಂತ ನನಗೆ ಅನುಮಾನ.

ಕಣದಮನೆ

ಮಗಾ, ನಿನ್ನ ತೀರ್ಮಾನ ಆಗಿಲ್ವಾ? ಗಾಳಿಬೀಡಿನವನು, ಅರಣ್ಯ ಓದೋನು. ನೀನು ಯಾವ ಕಡೆ ಅಂತ ಹೆಸರು ನೋಡಿದರೇ ಗೊತ್ತಾಗುತ್ತೆ. ಲಾಭ-ನಷ್ಟ ಇರೋದಕ್ಕೇ ನಾನು ಒಂದು ಸಾಲೂ ಬಿಡದೆ ಓದೋನು. ನಿನ್ನ ಹಾಗೆ ಪರೀಕ್ಷೆಗೆ ಓದಿ ಮರೆಯೋನಲ್ಲ.

ಹೂಮಳೆ

ಅಂಕಲ್ ಹೇಳಿದ್ದು ನಾನು ಮೊದಲಿಂದ ಹೇಳ್ತಿರೋದು. ಆಸ್ತಿ ಕಳ್ಕೊಳ್ಳೋ ಭಯ ಇರೋರಷ್ಟು ಹುಷಾರಾಗಿ ಅಡಿಟಿಪ್ಪಣಿ ಓದೋರು ಯಾರೂ ಇಲ್ಲ. ಪಂಚಾಯಿತಿ ಸರ್ವೆ ನಕ್ಷೆ ಓದೋರನ್ನು ನೋಡಿದ್ದೀರಲ್ಲ.

ಗಾಳಿಬೀಡು

ಸರಿ, ಒಂದು ಪರೀಕ್ಷೆ. ಗಾಡ್ಗೀಳ್ ವರದಿಯಲ್ಲಿ ರಾಸಾಯನಿಕ ಕೀಟನಾಶಕ ಬಿಡೋದಕ್ಕೆ ಗಡುವು ಕೊಟ್ಟಿದ್ದಾರೆ. ಮೊದಲ ವಲಯದಲ್ಲಿ ಐದು ವರ್ಷ, ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಹತ್ತು. ಮೇಷ್ಟ್ರು ಹೇಳಿದ ಕರಾರಿನ ಪ್ರಕಾರ, ಅದನ್ನು ಯಾಕೆ ಹೇಳಿರಬಹುದು ಅಂತ ನೀವು ಸಮರ್ಥಿಸಿ. ನಾನು ನಿಮ್ಮ ಪರವಾಗಿ ವಿರೋಧಿಸ್ತೀನಿ.

ಕಣದಮನೆ

ಸಮರ್ಥಿಸೋದಾ! ಆಯ್ತು.

ತೋಟದಲ್ಲಿ ಹೊಡೆದಿದ್ದು ತೋಟದಲ್ಲಿ ನಿಲ್ಲಲ್ಲ. ಜೂನ್‌ನಲ್ಲಿ ಒಂದು ಮಳೆ ಹೊಡೆದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ಅದನ್ನು ಕುಡಿಯೋರು ಕೆಳಗಿನವರು. ನನ್ನ ಪಂಪಿನವನಿಗೆ ಮುಖಕ್ಕೆ ಬಟ್ಟೆ ಕಟ್ಟು ಅಂದರೂ ಸೆಖೆಗೆ ಬಿಚ್ಚಿ ಹಾಕ್ತಾನೆ. ಮೊದಲು ನಮ್ಮ ತೋಟದಲ್ಲಿ ಜೇನು ತುಂಬಾ ಇತ್ತು, ಹೂ ಬಿಟ್ಟಾಗ ತೋಟವೇ ಗುಂಯ್ ಅಂತಿತ್ತು. ಒಂದೇ ಸಲ ನಿಲ್ಲಿಸಿ ಅಂತಲೂ ಹೇಳಿಲ್ಲ, ವರ್ಷಗಟ್ಟಲೆ ಟೈಮ್ ಕೊಟ್ಟಿದ್ದಾರೆ. ಇದು ಅವರ ವಾದ. ಸರಿಯಾಯ್ತಾ?

ಈಗ ನೀನು ಹೇಳು. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹುಳು ಬಿತ್ತು. ಏನು ಮಾಡ್ತೀಯ?

ಗಾಳಿಬೀಡು

(ಸ್ವಲ್ಪ ಹೊತ್ತು ಉತ್ತರ ಬರೆಯೋಕೆ ಆಗಲಿಲ್ಲ, ನಿಜ ಹೇಳ್ತೀನಿ.)

ನಿಮ್ಮ ಪರವಾಗಿ: ಹುಳು ಕಾಂಡದ ಒಳಗಿರುತ್ತೆ, ಬಿದ್ದ ಮೇಲೆ ಗಿಡ ಕಿತ್ತು ಸುಡೋದು ಬಿಟ್ಟರೆ ದಾರಿ ಕಮ್ಮಿ. ಗಿಡ ಮತ್ತೆ ಫಸಲಿಗೆ ಬರೋಕೆ ವರ್ಷಗಳು ಬೇಕು. ನೆರಳು ಚೆನ್ನಾಗಿ ಇಟ್ಟುಕೊಂಡರೆ, ಕಾಂಡ ಉಜ್ಜಿದರೆ ಹಾವಳಿ ಕಡಿಮೆ, ಆದರೆ ಉಜ್ಜೋಕೆ ಆಳು ಬೇಕು, ಆಳು ಸಿಗಲ್ಲ. ದೊಡ್ಡ ಎಸ್ಟೇಟು ಹೇಗೋ ತಡ್ಕೊಳ್ಳುತ್ತೆ, ಎರಡು ಎಕರೆಯವನು ಅರೇಬಿಕಾ ಕಿತ್ತು ರೋಬಸ್ಟಾ ಹಾಕ್ತಾನೆ, ಇಲ್ಲಾ ಜಾಗವನ್ನೇ ರೆಸಾರ್ಟಿನವರಿಗೆ ಮಾರ್ತಾನೆ. ಆಗ ಕಾಡಿಗೆ ಲಾಭವಾ ನಷ್ಟವಾ? ಗಡುವು ಹಾಕಿದವರು ಆ ಖರ್ಚು ಯಾರ ತಲೆ ಮೇಲೆ ಅಂತಲೂ ಹೇಳಬೇಕು.

ಕಣದಮನೆ

ಪರವಾಗಿಲ್ವೇ. ನಮ್ಮ ಸಂಘದ ಸಭೆಗೆ ನಿನ್ನನ್ನೇ ಕರ್ಕೊಂಡು ಹೋಗಬಹುದು.

ನಿವೃತ್ತ ಮೇಷ್ಟ್ರು

ಇಬ್ಬರೂ ಗೋಣಿಕೊಪ್ಪಲಿನಲ್ಲಿ ಸಿಗಿ. ಇಂಗ್ಲಿಷ್ ನಿಧಾನ ಅನ್ನೋ ಚಿಂತೆ ಬಿಡಿ ಕಣದಮನೆಯವರೇ. ಗಮಕದಲ್ಲಿ ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ ಮಾಡಲ್ವೇ? ಹುಡುಗ ಗಟ್ಟಿಯಾಗಿ ಓದಲಿ, ಪ್ಯಾರಾ ಮುಗಿದಾಗ ನೀವು ಕನ್ನಡದಲ್ಲಿ ಅದರ ಅರ್ಥ ಹೇಳಿ. ತಪ್ಪಿದ್ದರೆ ಅವನು ತಡೀತಾನೆ.

ರಾತ್ರಿಪಾಳಿ

ಹೂಮಳೆ ಅಕ್ಕ, ಎಲ್ಲರದ್ದೂ ಜೋಡಿ ಆಯ್ತು, ನಿಮ್ಮದು ಉಳೀತು. ಪಿಕೆಟ್ಟಿ ಪೀಠಿಕೆ, ಮೊದಲ ಅಧ್ಯಾಯ ಎರಡನ್ನೂ ನಿನ್ನೆ ಪಾಳಿಯಲ್ಲಿ ಓದಿದೆ. ಒಂದು ಪುಟ ಅಂದಿದ್ರಿ, ಬರೆದಿದ್ದೀನಿ, ಚಾರ್ಟ್ ಶೀಟಿನ ಹಿಂದೆ. ಸಾರಾಂಶ ಇಷ್ಟು: ಒಂದು ದೇಶದ ಒಟ್ಟು ಸಂಪತ್ತು ಎಷ್ಟು ವರ್ಷದ ಆದಾಯಕ್ಕೆ ಸಮ ಅಂತ ಅಳೀತಾರೆ. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಅದು ಆರೇಳು ವರ್ಷದಷ್ಟು ಇತ್ತು, ಎರಡು ಮಹಾಯುದ್ಧ ಆದ ಮೇಲೆ ಎರಡು-ಮೂರಕ್ಕೆ ಇಳೀತು, ಈಗ ಮತ್ತೆ ಮೇಲೆ ಹೋಗಿದೆ.

ನನ್ನ ಪ್ರಶ್ನೆ. ನಾನು ಸಂಬಳದವಳು. ನನ್ನ ಸಂಬಳ ಪೂರ್ತಿ ಕೂಡಿಟ್ಟರೂ ನಿಮ್ಮ ಕಡೆ ಒಂದು ಎಕರೆ ತಗೊಳ್ಳೋಕೆ ಎಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕಿ, ಅಳಿಸಿ ಹಾಕಿದೆ. ನೀವು ತೋಟದಲ್ಲಿ ಆದಾಯ ಇಲ್ಲ ಅಂತೀರಿ. ಆದರೆ ಮಾರಿದರೆ? ಮಾರಲ್ಲ ಅಂತೀರಿ, ಆದರೆ ಮಾರಬಹುದು ಅನ್ನೋ ಧೈರ್ಯ ನಿಮಗಿದೆ, ನನಗಿಲ್ಲ. ಪಿಕೆಟ್ಟಿ ಲೆಕ್ಕದಲ್ಲಿ ನೀವು ಯಾರು ಅಂತ ಕೇಳಿದ್ರಲ್ಲ, ಅದಕ್ಕೆ ಹೇಳಿದೆ. ಬೇಜಾರಾಯ್ತಾ?

ಹೂಮಳೆ

ಆಯ್ತು. ಸ್ವಲ್ಪ ಜಾಸ್ತಿನೇ ಆಯ್ತು. ನೀವೇ ಬೇಕು.

ನಾನು ಉತ್ತರ ಕೊಡ್ತೀನಿ, ಸಾಲದ ಲೆಕ್ಕ ಇಟ್ಟುಕೊಂಡು. ಜಾಗದ ಬೆಲೆ ಒಂದು ಕಡೆ, ಬ್ಯಾಂಕಿಗೆ ಕಟ್ಟೋದು ಇನ್ನೊಂದು ಕಡೆ. ಪಿಕೆಟ್ಟಿ ಸಾಲ ಕಳೆದು ಲೆಕ್ಕ ಹಾಕ್ತಾರೋ ಇಲ್ವೋ, ಮೊದಲು ಅದನ್ನು ನೋಡೋಣ.

ರಾತ್ರಿಪಾಳಿ

ಕಳೆದೇ ಹಾಕ್ತಾರೆ. ಮೊದಲ ಅಧ್ಯಾಯದಲ್ಲೇ ಇದೆ. ಮತ್ತೆ ಓದಿ :)

ಶನಿವಾರಸಂತೆ ಹುಡುಗ

ಮಳೆಗಾಲದಲ್ಲಿ ನಾಪೋಕ್ಲು ಕಡೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ವಾಯ್ಸ್ ಮೆಸೇಜ್ ಹೇಗೆ ಕಳಿಸ್ತೀರಾ ಅಕ್ಕ?

ಹೂಮಳೆ

ಒಂದು ನೋಟ್‌ಬುಕ್ ಇಡ್ತೀವಿ. ಎಡಪುಟ ನಂದು, ಬಲಪುಟ ಅವರದ್ದು. ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಲಿ ಮಡಿಕೇರಿಗೆ, ಅಲ್ಲಿಂದ ಕುಶಾಲನಗರದ ಬಸ್ಸಿಗೆ. ಔಷಧಿ, ಮೋಟರ್ ಸ್ಪೇರು ಎಲ್ಲ ಹಾಗೇ ಬರುತ್ತಲ್ಲ, ನೋಟ್‌ಬುಕ್ ಬರದೇ ಏನು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಕು ಅಷ್ಟೇ.

ರಾತ್ರಿಪಾಳಿಯವರೇ, ಪುಟ ಸಂಖ್ಯೆ ಬೇಡ, ಉಪಶೀರ್ಷಿಕೆ ಬರೀರಿ. ನನ್ನದು ಪ್ರಿಂಟ್, ನಿಮ್ಮದು ಫೋನ್, ಪುಟ ಹೊಂದಲ್ಲ.

ಕಣದಮನೆ

ಹುಡುಗನಿಗೆ: ನಾನು ಪ್ರಿಂಟ್ ತೆಗೆಸ್ತಾ ಇದ್ದೀನಿ, ವಿರಾಜಪೇಟೆ ಜೆರಾಕ್ಸ್ ಅಂಗಡಿಯವನು ಇಷ್ಟೊಂದು ಯಾಕೆ ಅಂತ ಕೇಳಿದ. ಬರೋವಾಗ ಒಂದು ಪ್ರಶ್ನೆ ಓದಿಕೊಂಡು ಬಾ. ಗಾಡ್ಗೀಳ್ ಸಮಿತಿ ಘಟ್ಟವನ್ನೆಲ್ಲ ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲದ ಚೌಕ ಮಾಡಿ ಅಂಕ ಕೊಟ್ಟಿದೆಯಂತೆ. ಅಷ್ಟು ದೊಡ್ಡ ಚೌಕದಲ್ಲಿ ನನ್ನ ತೋಟ, ಪಕ್ಕದ ದೇವರಕಾಡು, ಗದ್ದೆ, ಅಮ್ಮತ್ತಿ ಪೇಟೆ ಎಲ್ಲಾ ಬರುತ್ತಲ್ಲ. ಅಂಕ ಯಾವುದಕ್ಕೆ ಕೊಟ್ಟರು?

ಗಾಳಿಬೀಡು

ಒಳ್ಳೇ ಪ್ರಶ್ನೆ ಅಂಕಲ್. ಇನ್ನೊಂದನ್ನು ನಾನು ಸೇರಿಸ್ತೀನಿ. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಬಳಸಿತು, 24 ಮೀಟರ್ ಸೂಕ್ಷ್ಮತೆಯದ್ದು, ಅಂದರೆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 24 ಮೀಟರ್ ಚೌಕ. ಕಾಡುಮರದ ನೆರಳಿನ ಕಾಫಿ ತೋಟ ಮೇಲಿಂದ ಕಾಡಿನ ಹಾಗೇ ಕಾಣುತ್ತೆ. ನಿಮ್ಮ ತೋಟವನ್ನು ಅವರು ತೋಟ ಅಂದರಾ ಕಾಡು ಅಂದರಾ?

ಕಣದಮನೆ

ಯಾವುದು ಅಂದರೆ ನನಗೆ ಒಳ್ಳೆಯದು?

ಗಾಳಿಬೀಡು

ಅದನ್ನು ಓದಿದ ಮೇಲೆ ಕೇಳಿ.

ಒಂಟಿಓದು

ಇಲ್ಲಿ ಇನ್ನೊಂದು ಕುರ್ಚಿ ಇದೆಯಾ? ನಾನು ಮಾತಾಡಲ್ಲ, ಸ್ಯಾಂಪಲ್ ಸೈಜ್ ಮಾತ್ರ ನೋಡ್ತೀನಿ.

ಕಣದಮನೆ

ಮಾತಾಡಲ್ಲ ಅಂದವರು ಬೇಡ. ಮಾತಾಡೋದಾದರೆ ಮಡಿಕೇರಿಯಿಂದ ಬೆಳಿಗ್ಗೆಯ ಬಸ್ಸಿಗೆ ಬನ್ನಿ, ಊಟ ನಮ್ಮ ಮನೆಯಲ್ಲಿ. ಅನುಬಂಧಗಳನ್ನು ನೀವು ಓದಿಕೊಂಡು ಬರಬೇಕು, ಅದನ್ನು ನಾವಿಬ್ಬರೂ ಓದಲ್ಲ ಅಂತ ಈಗಲೇ ಹೇಳಿದ್ದೀನಿ.